ಹರಿವಾಣದಲ್ಲಿ ಅದಲುಬದಲಾದ ಕಾರಿನ ಕೀಗಳು

1994ರ ವಿಜಯದಶಮಿಯ ಮರುದಿನ ಬೆಳಿಗ್ಗೆ ಪಾಂಡವಪುರದಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರಿನ ಡಿಕ್ಕಿ ತೆರೆಯಲಿಲ್ಲ. ಬಾಗಿಲು ತೆರೆಯುತ್ತಿತ್ತು, ಇಂಜಿನ್ ಸ್ಟಾರ್ಟ್ ಆಗುತ್ತಿತ್ತು, ಹಾರನ್ ಕೂಗುತ್ತಿತ್ತು. ಡಿಕ್ಕಿ ಮಾತ್ರ ತೆರೆಯಲಿಲ್ಲ. ಕಾರಿನ ಮಾಲೀಕನೂ ಚಾಲಕನೂ ಆದ ಜವರಾಜುವಿಗೆ ಅದರ ಮಾರನೆಯ ದಿನ ಹೊಣಕೆರೆಯಲ್ಲಿ ವೀಳ್ಯಶಾಸ್ತ್ರ. ಹುಡುಗಿಗೆ ಕೊಡಬೇಕಾದ ಸೀರೆ ಮತ್ತು ಬೆಳ್ಳಿ ಡಾಬು ಆ ಡಿಕ್ಕಿಯಲ್ಲಿದ್ದವು.

ಆಗ ನಾನು ಮಂಡ್ಯದ ಒಂದು ದಿನಪತ್ರಿಕೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ವರದಿಗಾರ. ನಿವೃತ್ತನಾದ ಮೇಲೆ ಹೊಸ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ನೀವು ಮಾಡಿದ ದೊಡ್ಡ ಸುದ್ದಿ ಯಾವುದು? ದೊಡ್ಡ ಸುದ್ದಿ ಹುಟ್ಟಿದಾಗ ಅದರ ಹಿಂದೆಯೇ ಬೆಂಗಳೂರಿನ ವರದಿಗಾರರೂ ಬರುತ್ತಿದ್ದರು. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಚಿಕ್ಕವು. ಆ ಚಿಕ್ಕವುಗಳಲ್ಲಿ ಎಷ್ಟೋ ಪಾಲು ಮನುಷ್ಯರು ಏನನ್ನೋ ಮರೆತಿದ್ದರಿಂದ ಆದವು. ಅದರಲ್ಲೂ ಹೆಚ್ಚಿನವು ಗಾಡಿ ಮತ್ತು ಕೀಗೆ ಸಂಬಂಧಿಸಿದವು.

ನಮ್ಮ ಸಂಪಾದಕರು ಮೊದಮೊದಲು ಇಂಥವನ್ನು ಹಾಕುತ್ತಿರಲಿಲ್ಲ. ಒಮ್ಮೆ ಕೆ.ಆರ್.ಪೇಟೆಯ ಚಾಲಕ ಕಾಳೇಗೌಡನ ಸಂಗತಿ ಬರೆದು ಕಳಿಸಿದೆ. ಅವನ ಕಾರಿನ ಬ್ಯಾಟರಿ ದುರ್ಬಲ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ನಾಲ್ಕು ಜನ ತಳ್ಳಬೇಕು. ಹಾಗಾಗಿ ಎಲ್ಲಿ ಇಳಿದರೂ ಇಂಜಿನ್ ಓಡುತ್ತಲೇ ಇರುತ್ತಿತ್ತು. ಒಂದು ದಿನ ಸಾರ್ವಜನಿಕ ಸಭೆಯ ಅತಿಥಿಗಳನ್ನು ವೇದಿಕೆಯ ಪಕ್ಕದಲ್ಲೇ ಇಳಿಸಿದ. ತಾನೂ ಇಳಿದು, ಗುಂಡಿ ಒತ್ತಿ, ಬಾಗಿಲು ಹಾಕಿಕೊಂಡು ಕಾಫಿಗೆ ಹೋದ. ಕೀ ಒಳಗೆ, ಗಾಜು ಮೇಲೆ, ಇಂಜಿನ್ ಚಾಲೂ. ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗೆ ಕಾರು ಹಿಮ್ಮೇಳ ಒದಗಿಸಿತು. ಅಧ್ಯಕ್ಷರು ಎರಡು ಸಲ ಮಾತು ನಿಲ್ಲಿಸಿ ಕಾರಿನ ಕಡೆ ನೋಡಿದರು. ಡೀಸೆಲ್ ಮುಗಿದ ಮೇಲೆ ಅದು ತಾನಾಗಿ ಸುಮ್ಮನಾಯಿತು. ಸಭಿಕರು ಚಪ್ಪಾಳೆ ತಟ್ಟಿದರು.

ನಾನು ಆ ವರದಿಯ ಕೊನೆಗೆ ಮರೆವಿನ ಬಗ್ಗೆ ನಾಲ್ಕು ಮಾತು ಸೇರಿಸಿದ್ದೆ. ಸಂಪಾದಕರು ಫೋನ್ ಮಾಡಿದರು. “ಏನಾಯ್ತು ಅಂತ ಬರೀರಿ. ಅದು ನಿಮಗೆ ಹೇಗನ್ನಿಸ್ತು ಅನ್ನೋದನ್ನ ಮನೇಲಿ ಹೆಂಡ್ತಿಗೆ ಹೇಳಿ,” ಎಂದರು. ಕೊನೆಯ ನಾಲ್ಕು ಮಾತು ಹೊಡೆದುಹಾಕಿ ಉಳಿದದ್ದನ್ನು ಅಚ್ಚು ಮಾಡಿದರು. ಓದಿದವರು ಬಿದ್ದು ಬಿದ್ದು ನಕ್ಕರು. ನನ್ನ ಮೇಲಿನವರಿಂದ ನಾನು ಕಲಿತ ಪಾಠ ಅಷ್ಟೇ, ಅದೇ ಸಾಕಾಯಿತು.

ಆ ಸುದ್ದಿಯ ನಂತರ ಜನರೇ ಬಂದು ಹೇಳತೊಡಗಿದರು. ತೊಣ್ಣೂರಿನ ಮೇಷ್ಟರೊಬ್ಬರು ಸ್ಕೂಟರಿನ ಕೀಗಾಗಿ ಕೆರೆ ಏರಿಯ ಮೇಲೆಲ್ಲ ಹುಡುಕಿ, ದಾರಿಹೋಕನೊಬ್ಬನನ್ನು ವಿಚಾರಿಸಲು ಬಾಯಿ ತೆರೆದಾಗ ಕೀ ಬಾಯಿಂದ ಕೆಳಗೆ ಬಿತ್ತು. ಎರಡೂ ಕೈಯಲ್ಲಿ ಪುಸ್ತಕ ಇದ್ದುದರಿಂದ ಹಲ್ಲಲ್ಲಿ ಕಚ್ಚಿಕೊಂಡಿದ್ದರಂತೆ. ಹಾಲಿನ ವ್ಯಾನಿನವನೊಬ್ಬ ಕ್ಯಾನಿನ ಮೇಲೆ ಕೀ ಇಟ್ಟು, ಮುಚ್ಚಳ ತೆಗೆಯುವಾಗ ಒಳಗೆ ಬಿದ್ದ ಕೀಯನ್ನು ಹಾಲಿನ ಜೊತೆಯಲ್ಲೇ ಡೇರಿಗೆ ಅಳೆದುಕೊಟ್ಟಿದ್ದ. ಶ್ರೀರಂಗಪಟ್ಟಣದ ಅನ್ವರ್ ಪಾಷಾನದು ಇನ್ನೊಂದು ತೂಕ. ಕಲ್ಯಾಣ ಮಂಟಪದ ಮುಂದೆ ನಿಂತಿದ್ದ ಬೇರೊಬ್ಬರ ಕಾರನ್ನು ತನ್ನದೆಂದು ಹತ್ತಿ, ತನ್ನ ಗಿರಾಕಿಗಳನ್ನು ಕೂರಿಸಿಕೊಂಡು ಪಾಂಡವಪುರದವರೆಗೆ ಓಡಿಸಿಕೊಂಡು ಬಂದಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಇದ್ದದ್ದು ಕಾಣಲಿಲ್ಲವೇ ಎಂದು ಕೇಳಿದೆ.

“ಕಾಣಿಸ್ತು ಸಾಬ್. ದಾರಿ ಪೂರಾ ಅವನನ್ನೇ ನೋಡ್ಕೊಂಡು ಬಂದೆ. ನಮ್ಮ ಹುಡುಗರು ಯಾರೋ ತಮಾಷೆಗೆ ಇಟ್ಟವ್ರೆ, ಇರ್ಲಿ ಒಳ್ಳೇದೇ ಅಂದ್ಕೊಂಡೆ,” ಎಂದ.

ಈಗಿನವರು ನಂಬಲಿಕ್ಕಿಲ್ಲ. ಆಗ ನಮ್ಮ ಕಡೆ ಓಡುತ್ತಿದ್ದ ಟ್ಯಾಕ್ಸಿಗಳು ಎರಡು ಮೂರು ಕೈ ಬದಲಾದ ಹಳೆಯ ಕಾರುಗಳು. ವರ್ಷಾನುಗಟ್ಟಲೆ ತಿರುಗಿಸಿ ತಿರುಗಿಸಿ ಇಂಜಿನ್ನಿನ ಕೀ ತೂತು ಸವೆದುಹೋಗಿರುತ್ತಿತ್ತು. ಒಂದರ ಕೀ ಇನ್ನೊಂದಕ್ಕೆ ಹಾಕಿದರೂ ತಿರುಗುತ್ತಿತ್ತು. ಡಿಕ್ಕಿಯ ಬೀಗ ಮಾತ್ರ ಹಾಗಲ್ಲ. ಸಾಮಾನು ಕಳುವಾಗುವ ಭಯಕ್ಕೆ ಚಾಲಕರು ಅದಕ್ಕೆ ಹೊಸ ಬೀಗ ಹಾಕಿಸಿರುತ್ತಿದ್ದರು. ಆದ್ದರಿಂದ ಪ್ರತಿಯೊಬ್ಬನ ಬಳಿ ಕೀ ಪೋಣಿಸುವ ಒಂದು ಬಳೆ, ಅದರಲ್ಲಿ ಎರಡು ಕೀ: ಸವೆದದ್ದೊಂದು, ಹೊಸದೊಂದು.

ಜವರಾಜು, ಅನ್ವರ್ ಪಾಷಾ, ಕಾಳೇಗೌಡ, ನಾಗಮಂಗಲದ ರಾಮಣ್ಣ ಈ ನಾಲ್ವರೂ ಪಾಂಡವಪುರದ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಎಲ್ಲೇ ಓಡಿಸಿಕೊಂಡಿದ್ದರೂ ಆಯುಧಪೂಜೆಗೆ ಗಾಡಿ ತೊಳೆದುಕೊಂಡು ಆ ಗ್ಯಾರೇಜಿಗೇ ಬರುತ್ತಿದ್ದರು. ಪಾಷಾನೂ ತಪ್ಪಿಸುತ್ತಿರಲಿಲ್ಲ, ಬೂದುಗುಂಬಳ ಒಡೆಯುವುದು ಅವನ ಕೆಲಸ. ಪೂಜೆಗೆ ಬರುತ್ತಿದ್ದ ಉಳಿದವೆಲ್ಲ ಲಾರಿ, ಟ್ರಾಕ್ಟರು. ಕಾರು ಈ ನಾಲ್ಕೇ.

ಪೂಜೆಯಲ್ಲಿ ಸ್ಪ್ಯಾನರು, ಜಾಕು, ಸುತ್ತಿಗೆಗಳ ಮುಂದೆ ಒಂದು ಹಿತ್ತಾಳೆ ಹರಿವಾಣ ಇಟ್ಟು ಅದರಲ್ಲಿ ಕಾರಿನ ಕೀಗಳನ್ನು ಹಾಕುತ್ತಿದ್ದರು. ಕೀ ಬಳೆಗೆ ತೊಗಲಿನ ಪಟ್ಟಿ ಇರುತ್ತಿತ್ತು. ತೊಗಲನ್ನು ದೇವರ ಮುಂದೆ ಇಡುವಂತಿಲ್ಲ. ಆದ್ದರಿಂದ ಎಲ್ಲರೂ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಬರಿ ಬಳೆ, ಬರಿ ಕೀ ಹರಿವಾಣಕ್ಕೆ ಹಾಕಿದರು. ಪೂಜೆ ಮಾಡಿಸಲು ಬಂದ ಅಯ್ಯನವರು ಅವುಗಳಿಗೆ ಅರಿಸಿನ ಕಲಸಿದ ನೀರು ಚಿಮುಕಿಸಿ, ಕುಂಕುಮ ಮೆತ್ತಿದರು. ಮಂಗಳಾರತಿ ಆದ ಮೇಲೆ ಒಬ್ಬೊಬ್ಬರ ಅಂಗೈಗೆ ಒಂದೊಂದು ಬಳೆ, ಮೇಲೊಂದು ಹೂವು ಇಟ್ಟು ಕೊಟ್ಟರು. ನಾಲ್ವರೂ ಕಣ್ಣಿಗೊತ್ತಿಕೊಂಡು ತಮ್ಮ ತಮ್ಮ ಕಾರು ಹತ್ತಿದರು. ಇಂಜಿನ್ ಸ್ಟಾರ್ಟ್ ಆಯಿತು. ಎಲ್ಲರೂ ಹೊರಟುಹೋದರು.

ಜವರಾಜು ಪೂಜೆಯ ಹಿಂದಿನ ದಿನವೇ ಮೈಸೂರಿನಿಂದ ಸೀರೆ ತಂದು, ಪಾಲಿಶ್ ಮಾಡಿಸಿದ ಡಾಬಿನ ಜೊತೆ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದ. ಮನೆಗೆ ಸುಣ್ಣ ಬಳಿಯುತ್ತಿದ್ದರು. ಒಳಗೆ ಇಡಲು ಜಾಗವಿರಲಿಲ್ಲ. ಸೀರೆ ಹೋದರೆ ಇನ್ನೊಂದು ತರಬಹುದಿತ್ತು. ಡಾಬು ಅವನ ತಾಯಿ ನಿಂಗಮ್ಮನಿಗೆ ಅವರ ತಾಯಿ ಕೊಟ್ಟದ್ದು. ಅದನ್ನು ಹುಡುಗಿಗೆ ಹಾಕುತ್ತೇವೆಂದು ಮಾತು ಕೊಟ್ಟಾಗಿತ್ತು.

ಹುಡುಗಿಯ ತಂದೆ ಹೊಣಕೆರೆಯ ಬೋರೇಗೌಡರು ಈ ಸಂಬಂಧಕ್ಕೆ ಒಪ್ಪಿದ್ದು ಕಷ್ಟಪಟ್ಟು. ಅವರ ಆಕ್ಷೇಪ ಹುಡುಗನ ಮೇಲಲ್ಲ, ಕಸುಬಿನ ಮೇಲೆ. ಕೆಲವು ವರ್ಷ ಹಿಂದೆ ಬಾಡಿಗೆ ಕಾರಿನವನೊಬ್ಬ ಅವರನ್ನು ಮೇಲುಕೋಟೆ ರಸ್ತೆಯ ಟೀ ಅಂಗಡಿಯಲ್ಲಿ ಮರೆತು, ಅವರ ಛತ್ರಿಯ ಸಮೇತ ಊರಿಗೆ ಹೋಗಿಬಿಟ್ಟಿದ್ದ. ಕಾರು ಓಡಿಸುವವರಿಗೆ ಜ್ಞಾಪಕ ಇರುವುದಿಲ್ಲ, ಜ್ಞಾಪಕ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಕೂತಿದ್ದರು. ಮಗಳು ಸುಶೀಲ ತನಗೆ ಒಪ್ಪಿಗೆ ಎಂದ ಮೇಲೆ ಇಳಿದು ಬಂದಿದ್ದರು. ಅಂಥವರ ಮುಂದೆ ಹೋಗಿ ಕೀ ಕಳೆದಿದೆ, ಡಾಬು ಡಿಕ್ಕಿಯಲ್ಲಿದೆ ಎಂದು ಹೇಳಬೇಕಿತ್ತು.

ಆ ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋದದ್ದು ಕೆಲಸದ ಮೇಲೆ. ದಸರೆಯ ಫೋಟೋಗಳನ್ನು ನಾಲ್ಕೂ ಊರಿನ ಸ್ಟುಡಿಯೋಗಳಿಂದ ಒಟ್ಟು ಮಾಡಿ ಸಂಜೆ ಬಸ್ಸಿಗೆ ಮಂಡ್ಯಕ್ಕೆ ಕಳಿಸಬೇಕಿತ್ತು. ವರ್ಷಕ್ಕೊಮ್ಮೆ ಅದಕ್ಕೆಂದು ಕಚೇರಿಯವರು ಕಾರಿನ ಬಾಡಿಗೆ ಕೊಡುತ್ತಿದ್ದರು. ನಾನು ಜವರಾಜುವಿಗೆ ಹೇಳಿಟ್ಟಿದ್ದೆ. ಹೋದಾಗ ಮೆಕ್ಯಾನಿಕ್ ಉಳಿ ಸುತ್ತಿಗೆ ಹಿಡಿದು ಡಿಕ್ಕಿಯ ಹಿಂದೆ ನಿಂತಿದ್ದ. ನಿಂಗಮ್ಮ ಅಡ್ಡ ನಿಂತಿದ್ದರು. ಪೂಜೆಯಾದ ಗಾಡಿಗೆ, ಶಾಸ್ತ್ರದ ಹಿಂದಿನ ದಿನ, ಕಬ್ಬಿಣದ ಏಟು ಬೀಳಕೂಡದು ಎಂಬುದು ಅವರ ವಾದ. ಹಿಂದಿನ ಸೀಟು ಕಿತ್ತು ನೋಡಿದ್ದರು. ಅದರ ಹಿಂದೆ ಜವರಾಜುವೇ ತಗಡು ಹೊಡೆಸಿದ್ದ.

ಜವರಾಜು ಕೀಯ ಕುಂಕುಮ ಉಜ್ಜಿ ಬಿಸಿಲಿಗೆ ಹಿಡಿದು ನೋಡಿದ. “ಇದು ನನ್ದಲ್ಲ ಸಾರ್. ನನ್ ಡಿಕ್ಕಿ ಕೀ ತಲೆ ಒಸಿ ಸೊಟ್ಟ. ಹರ್ವಾಣದಲ್ಲಿ ಬದ್ಲಾಗೋಗದೆ.”

ಹಾಗಾದರೆ ಅವನ ಕೀ ಉಳಿದ ಮೂವರಲ್ಲಿ ಒಬ್ಬನ ಬಳಿ ಇರಬೇಕು. ನಾನು ಹೇಗೂ ಆ ಮೂರು ಊರಿಗೆ ಹೋಗಬೇಕಿತ್ತು. ಇನ್ನೊಬ್ಬರ ಕೀ ಹಾಕಿ ಕಾರು ಸ್ಟಾರ್ಟ್ ಮಾಡಿ ಇಬ್ಬರೂ ಹೊರಟೆವು.

ಶ್ರೀರಂಗಪಟ್ಟಣದಲ್ಲಿ ಪಾಷಾ ಕೋಟೆ ಬಾಗಿಲ ಹತ್ತಿರ ಕಾರು ಒರೆಸುತ್ತಿದ್ದ. ಜವರಾಜು ಹೇಳಿದ್ದನ್ನು ಕೇಳಿ, ತನ್ನ ಕೀ ಸರಿಯಾಗಿಯೇ ಇದೆ, ಎರಡು ದಿನದಿಂದ ಓಡಿಸುತ್ತಿದ್ದೇನೆ ಎಂದ. ಡಿಕ್ಕಿ ತೆಗೆದು ನೋಡು ಎಂದರೆ ತೆರೆಯಲಿಲ್ಲ. ಜವರಾಜುವಿನ ಕೈಲಿದ್ದ ಕೀ ಹಾಕಿದರೆ ತೆರೆಯಿತು. ಒಳಗೆ ಪೂಜೆಯ ದಿನ ಹಂಚಿದ, ತೆರೆದಿದ್ದ ಡಿಕ್ಕಿಗೆ ಹಾಕಿ ಅದುಮಿ ಬೀಗ ಬೀಳಿಸಿದ ಬಾಳೆಹಣ್ಣು, ಪುರಿ, ಪಾಷಾ ಹೆಂಡತಿಗೆ ಕೊಡಲು ಮರೆತ ಅರ್ಧ ಬೂದುಗುಂಬಳ. ಹಣ್ಣು ಕಪ್ಪಾಗಿತ್ತು. ಪಾಷಾ ತನ್ನ ಕೀ ಇಟ್ಟುಕೊಂಡು ತನ್ನ ಬಳಿ ಇದ್ದುದನ್ನು ಕೊಟ್ಟ. ಅದು ಜವರಾಜುವಿನ ಡಿಕ್ಕಿಗೆ ಆಗಲಿಲ್ಲ.

ಪಾಷಾ ಬುದ್ಧಿ ಹೇಳಿದ. “ಸಿಗ್ದಿದ್ರೆ ನಿಜ ಹೇಳೋಕೆ ಹೋಗ್ಬೇಡ ಜವರಾ. ಬೆಳ್ಳಿ ಅಂಗಡೀಲಿ ಇನ್ನೂ ಪಾಲಿಶ್ ಆಗಿಲ್ಲ ಅಂದ್ಬಿಡು. ಅಂಗಡಿಯವನು ಮರ್ತ ಅಂದ್ರೆ ಯಾರೂ ಬೈಯಲ್ಲ. ಡ್ರೈವರ್ ಮರ್ತ ಅಂದ್ರೆ ಮಾತ್ರ ಬೈತಾರೆ.”

ಕೆ.ಆರ್.ಪೇಟೆಯ ಕಡೆ ಹೋಗುವಾಗ ಜವರಾಜು ಆ ಮಾತನ್ನು ಬಾಯಿಪಾಠ ಮಾಡಿದ. ನಾನು ಬೋರೇಗೌಡರಾಗಿ ಪ್ರಶ್ನೆ ಕೇಳಬೇಕು, ಅವನು ಉತ್ತರ ಹೇಳಬೇಕು. ಯಾವ ಅಂಗಡಿ ಎಂದು ಕೇಳಿದಾಗಲೇ ತೊದಲಿದ.

ಬೂಕನಕೆರೆಯಲ್ಲಿ ಅಂಗಡಿಗಳ ಮುಂದೆ ಒಂದು ಬಿಳಿ ಕಾರು ನಿಂತಿತ್ತು. ಇಂಜಿನ್ ಓಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ನಾವು ಕಾರು ನಿಲ್ಲಿಸಿದೆವು. ಕಾಳೇಗೌಡನನ್ನು ಹುಡುಕಲು ಕೆ.ಆರ್.ಪೇಟೆಯವರೆಗೆ ಹೋಗುವ ಅಗತ್ಯವಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಅವನು ಸೊಪ್ಪು ಕೊಳ್ಳುತ್ತಿದ್ದ.

“ಇನ್ನೂ ಬ್ಯಾಟ್ರಿ ಹಾಕ್ಸಿಲ್ವೇನ್ಲಾ?” ಎಂದು ಜವರಾಜು ಕೇಳಿದ.

“ಹಾಕ್ಸಿವ್ನಿ ಕಣ್ಲಾ, ಹೊಸ್ದು. ಆಫ್ ಮಾಡೋದೇ ಮರ್ತೋಯ್ತದೆ.”

ಪಾಷಾ ಕೊಟ್ಟ ಕೀ ಕಾಳೇಗೌಡನ ಡಿಕ್ಕಿ ತೆರೆಯಿತು. ಜವರಾಜು ಕಾಳೇಗೌಡನ ಬಳಿ ಇದ್ದ ಮೂರನೆಯ ಕೀ ತೆಗೆದುಕೊಂಡು ತನ್ನ ಡಿಕ್ಕಿಗೆ ಹಾಕಿದ. ಅದೂ ಆಗಲಿಲ್ಲ. ಉಳಿದವನು ರಾಮಣ್ಣ ಒಬ್ಬನೇ. ಅವನ ಬಳಿ ಇಲ್ಲದಿದ್ದರೆ ಇನ್ನೆಲ್ಲೂ ಇಲ್ಲ.

ಶಾಸ್ತ್ರ ಯಾರ ಮನೆಯಲ್ಲಿ ಎಂದು ಕಾಳೇಗೌಡ ವಿಚಾರಿಸಿದ. ಹೊಣಕೆರೆ ಬೋರೇಗೌಡರ ಹೆಸರು ಕೇಳಿ ಸೊಪ್ಪಿನ ಕಟ್ಟನ್ನು ಕೆಳಗಿಟ್ಟ. ಆಮೇಲೆ ತನ್ನ ಡಿಕ್ಕಿಯ ಮೂಲೆಯಿಂದ ಮರದ ಹಿಡಿಯ ಒಂದು ಹಳೆಯ ಛತ್ರಿ ಎಳೆದ.

“ಅವ್ರನ್ನ ಟೀ ಅಂಗ್ಡೀಲಿ ಬುಟ್ಬುಟ್ಟು ಬಂದೋನು ನಾನೇ ಕಲಾ. ಆಮೇಕೆ ಕೊಡನ ಅಂತ ಮಡಿಕ್ಕಂಡೆ, ಮಕ ತೋರ್ಸಕ್ಕೆ ಆಗ್ನಿಲ್ಲ. ನೀನೇ ಕೊಟ್ಬುಡು. ನನ್ ಎಸ್ರು ಹೇಳ್ಬ್ಯಾಡ.”

ಈ ಪರಿಸ್ಥಿತಿಯಲ್ಲಿ ಆ ಛತ್ರಿಯೊಂದು ಬೇರೆ ಎಂದು ಜವರಾಜು ಗೊಣಗಿದ. ಆದರೂ ಹಿಂದಿನ ಸೀಟಿನ ಮೇಲಿಟ್ಟ.

ಕೆ.ಆರ್.ಪೇಟೆಯಲ್ಲಿ ಫೋಟೋ ತೆಗೆದುಕೊಂಡು ನಾಗಮಂಗಲಕ್ಕೆ ಬಂದೆವು. ರಾಮಣ್ಣ ಸ್ಟ್ಯಾಂಡಿನಲ್ಲಿರಲಿಲ್ಲ. ಬಾಡಿಗೆಗೆ ಹೋಗಿದ್ದಾನೆ ಎಂದರು. ಎಲ್ಲಿಗೆ ಎಂದು ಕೇಳಿದರೆ, ಹೊಣಕೆರೆಯ ಬೋರೇಗೌಡರು ಮಗಳ ಶಾಸ್ತ್ರಕ್ಕೆ ಸಾಮಾನು ಕೊಂಡು ಅವನ ಕಾರಿನಲ್ಲೇ ಊರಿಗೆ ಹೋದರು ಎಂದರು. ಜವರಾಜು ಸ್ಟಿಯರಿಂಗ್ ಮೇಲೆ ಹಣೆ ಇಟ್ಟ. ಶಾಸ್ತ್ರದ ಹಿಂದಿನ ದಿನ ಗಂಡು ಹೆಣ್ಣಿನ ಮನೆ ಬಾಗಿಲಿಗೆ ಹೋಗುವ ಪದ್ಧತಿಯಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಹೊಣಕೆರೆ ತಲುಪಿದಾಗ ರಾಮಣ್ಣನ ಕಾರು ಬೋರೇಗೌಡರ ಮನೆಯ ಮುಂದೆಯೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಹಿತ್ತಾಳೆ ಪಾತ್ರೆ, ಜಮಖಾನ, ಬೆಲ್ಲದ ಅಚ್ಚು, ಎರಡು ಕುಂಬಳಕಾಯಿ. ಮುಂದಿನ ಸೀಟಿನಲ್ಲಿ ಬೋರೇಗೌಡರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಬುಟ್ಟಿಯ ಮೇಲೆ ವೀಳ್ಯದೆಲೆಯ ಕಟ್ಟು. ಡಿಕ್ಕಿ ತೆರೆಯದ ಕಾರಿನಲ್ಲಿ ಸಾಮಾನೆಲ್ಲ ಮೈಮೇಲೆ ಹೇರಿಕೊಂಡು ಬಂದಿದ್ದರಿಂದ ರಾಮಣ್ಣನನ್ನು ಬೈಯುತ್ತಿದ್ದರು. ಡಿಕ್ಕಿ ಯಾಕೋ ಹಿಡಿದುಕೊಂಡಿದೆ, ಎಣ್ಣೆ ಬಿಡಬೇಕು ಎಂದು ರಾಮಣ್ಣ ಹೇಳುತ್ತಿದ್ದ. ಕೀ ಬದಲಾಗಿದೆ ಎಂಬ ಯೋಚನೆ ಅವನಿಗೆ ಬಂದಿರಲಿಲ್ಲ.

ಬೋರೇಗೌಡರು ನಮ್ಮನ್ನು ನೋಡಿದರು. “ಏನಪ್ಪಾ, ಶಾಸ್ತ್ರ ನಾಳೀಕಲ್ವಾ? ಇವತ್ತೇ ಬಂದ್ಬುಟ್ಟಿದ್ದೀಯಲ್ಲ?”

ಬೆಳ್ಳಿ ಅಂಗಡಿಯ ಕತೆ ಹೇಳಲು ಜವರಾಜುವಿಗೆ ಅದು ತಕ್ಕ ಸಮಯ. ನಾನು ಪಕ್ಕದಲ್ಲೇ ಇದ್ದೆ. ಅವನು ಒಂದು ಹೆಜ್ಜೆ ಮುಂದೆ ಬಂದ.

“ಗೌಡ್ರೆ, ಒಂದ್ ಸುಳ್ಳ ದಾರಿಯುದ್ದುಕ್ಕೂ ಕಲ್ತ್ಕಂಡ್ ಬಂದೆ. ಬಾಯಿಗೆ ಬತ್ತಾ ಇಲ್ಲ. ಡಾಬು ನನ್ ಡಿಕ್ಕೀಲದೆ. ಡಿಕ್ಕಿ ಕೀ ರಾಮಣ್ಣನ ತಾವದೆ. ರಾಮಣ್ಣನ ಕೀ ನನ್ ತಾವದೆ. ಆಯ್ದ ಪೂಜೇಲಿ ಬದ್ಲಾಗೋಯ್ತು. ನಾನು ನೋಡ್ಕಬೇಕಾಗಿತ್ತು, ನೋಡ್ಕನಿಲ್ಲ.”

ಬೋರೇಗೌಡರು ಬುಟ್ಟಿಯನ್ನು ರಾಮಣ್ಣನ ಕೈಗೆ ಕೊಟ್ಟು ಇಳಿದರು. “ತೆಗಿ, ನೋಡನ,” ಎಂದರು.

ಜವರಾಜು ತನ್ನ ಕೈಲಿದ್ದ ಕೀ ರಾಮಣ್ಣನ ಡಿಕ್ಕಿಗೆ ಹಾಕಿದ. ತೆರೆಯಿತು. ರಾಮಣ್ಣ ತನ್ನ ಕಾರಿನಲ್ಲಿ ನೇತಾಡುತ್ತಿದ್ದ ಬಳೆ ಕಿತ್ತು ಕೊಟ್ಟ. ಕೀಯ ತಲೆ ಒಂದಿಷ್ಟು ಸೊಟ್ಟ. ಜವರಾಜು ಅದನ್ನು ತನ್ನ ಡಿಕ್ಕಿಗೆ ಹಾಕಿ ತಿರುಗಿಸಿದ. ತೆರೆಯಿತು. ಸೀರೆಯ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಡಾಬು ಇಟ್ಟ ಹಾಗೆಯೇ ಇತ್ತು. ಬಟ್ಟೆ ಒಂದು ಕಡೆ ಜಾರಿ ಬೆಳ್ಳಿ ಕಾಣುತ್ತಿತ್ತು. ಮನೆಯ ಬಾಗಿಲಲ್ಲಿ ಹೆಂಗಸರು ಸೇರಿದ್ದರು. ಸುಶೀಲ ಎಲ್ಲರ ಹಿಂದೆ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

“ಮುಚ್ಚಪ್ಪ, ಮುಚ್ಚು. ನಾಳೀಕ್ ನೋಡ್ತೀವಿ,” ಎಂದು ಬೋರೇಗೌಡರು ಮುಖ ತಿರುಗಿಸಿಕೊಂಡರು.

ಜವರಾಜು ಮುಚ್ಚಿ ಬೀಗ ಹಾಕಿದ. ಹಿಂದಿನ ಸೀಟಿನಿಂದ ಛತ್ರಿ ತೆಗೆದು ಅವರ ಮುಂದೆ ಹಿಡಿದ. ಯಾರು ಕೊಟ್ಟರೆಂದು ಕೇಳಬೇಡಿ, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ ಎಂದ. ಬೋರೇಗೌಡರು ಛತ್ರಿಯನ್ನು ತಿರುಗಿಸಿ ಹಿಡಿಯ ಮೇಲೆ ಕೆತ್ತಿದ್ದ ತಮ್ಮ ಹೆಸರಿನ ಅಕ್ಷರ ನೋಡಿದರು. ಬಿಚ್ಚಿದರು. ಬಟ್ಟೆ ಸರಿಯಾಗಿತ್ತು. ಬಿಚ್ಚಿದ ಛತ್ರಿಯ ಕೆಳಗೆ ನಿಂತುಕೊಂಡು, ಎರಡು ಕಾರುಗಳ ಕಡೆಯೂ ನೋಡಿ, ನಗಲು ಶುರು ಮಾಡಿದರು. ಅವರು ನಕ್ಕ ಮೇಲೆ ಬಾಗಿಲಲ್ಲಿದ್ದ ಹೆಂಗಸರೂ ನಕ್ಕರು.

“ಅಲ್ಲ ಕಣಪ್ಪ, ನಮ್ ಡಿಕ್ಕಿ ಕೀ ನಿನ್ ತಾವಿತ್ತು, ನಿನ್ ಡಿಕ್ಕಿ ಕೀ ನಮ್ ಬಾಗ್ಲಲ್ಲಿತ್ತು. ಈಗ ಬದ್ಲಾಯ್ಸ್ಕಂಡೂ ಆಯ್ತು. ನಾಳೀಕೆ ಇನ್ನ ಎಲೆ ಅಡ್ಕೆ ಒಂದ್ ಬಾಕಿ.”

ವೀಳ್ಯಶಾಸ್ತ್ರವೆಂದರೆ ಎರಡೂ ಕಡೆಯವರು ಎಲೆ ಅಡಿಕೆಯ ತಟ್ಟೆ ಬದಲಾಯಿಸಿಕೊಳ್ಳುವುದು. ಬೋರೇಗೌಡರು ಒಂದು ಷರತ್ತು ಮಾತ್ರ ಹಾಕಿದರು. ಆ ಡಿಕ್ಕಿಗೆ ಇನ್ನೊಂದು ಕೀ ಮಾಡಿಸಬೇಕು, ಅದು ತಮ್ಮ ಮನೆಯಲ್ಲಿರಬೇಕು. ಜವರಾಜು ಒಪ್ಪಿದ. ವಾಪಸು ನಾಗಮಂಗಲಕ್ಕೆ ಬಂದು ಮಾಡಿಸಿದೆವು. ಮರುದಿನ ಗಂಡಿನ ಕಡೆಯ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಆ ಕೀಯೂ ಇತ್ತು. ಸುಶೀಲ ಡಾಬು ಹಾಕಿಕೊಂಡು ಹಸೆಯ ಮೇಲೆ ಕೂತಳು. ನಾಲ್ವರು ಚಾಲಕರೂ ಊಟಕ್ಕೆ ಬಂದಿದ್ದರು. ಕಾಳೇಗೌಡ ಬೋರೇಗೌಡರಿಂದ ದೂರದ ಪಂಕ್ತಿಯಲ್ಲಿ ಕೂತಿದ್ದ. ಹೊರಗೆ ಅವನ ಕಾರು ಓಡುತ್ತಿತ್ತು. ಟೀ ಅಂಗಡಿಯ ಮುಂದೆಯೂ ಹೀಗೆಯೇ ಓಡುತ್ತಿದ್ದ ಆ ಕಾರನ್ನು ಬೋರೇಗೌಡರು ನೋಡಿ ಬಂದು, ಅವನ ಎಲೆಗೆ ತಾವೇ ಇನ್ನೊಂದು ಹೋಳಿಗೆ ಬಡಿಸಿದರು. ಛತ್ರಿಯ ಮಾತು ಇಬ್ಬರೂ ಎತ್ತಲಿಲ್ಲ.

ಕೀ ಮಾಡಿಸಿದ ಆ ಸಂಜೆಯೇ ಸುದ್ದಿಯನ್ನು ಹೆಸರುಗಳಿಲ್ಲದೆ ಬರೆದು ಫೋಟೋಗಳ ಲಕೋಟೆಯಲ್ಲಿಟ್ಟು, ಬಸ್ ಕಂಡಕ್ಟರ್ ಕೈಲಿ ಮಂಡ್ಯಕ್ಕೆ ಕಳಿಸಿದೆ. ನಾಲ್ಕು ಕೀ ನಾಲ್ಕು ಊರು ಸುತ್ತಿದ್ದಷ್ಟನ್ನೇ ಬರೆದಿದ್ದೆ. ಸಂಪಾದಕರು ಒಂದು ಪದವನ್ನೂ ತೆಗೆಯಲಿಲ್ಲ.

ಮುಂದಿನ ವರ್ಷದಿಂದ ಗ್ಯಾರೇಜಿನಲ್ಲಿ ತೊಗಲಿನ ಪಟ್ಟಿ ಬಿಚ್ಚಿದ ಮೇಲೆ ಬಳೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟುವುದು ಶುರುವಾಯಿತು. ನನ್ನ ಕೆಲಸವೂ ಬದಲಾಯಿತು. ಲಕೋಟೆ ಹೋಗಿ ಫ್ಯಾಕ್ಸ್ ಬಂತು. ಫೋಟೋಗೆ ಊರೂರು ಸುತ್ತುವುದು ನಿಂತಿತು. ಈಗ ಹುಡುಗರು ಇದ್ದಲ್ಲಿಂದಲೇ ಎಲ್ಲವನ್ನೂ ಕಳಿಸುತ್ತಾರೆ. ಅವರಿಗೆ ಹೇಳುವುದಿಷ್ಟೆ: ವಾರಕ್ಕೊಂದು ದಿನವಾದರೂ ಯಾರದಾದರೂ ಗಾಡಿಯಲ್ಲಿ ಸುಮ್ಮನೆ ಕೂತು ಹೋಗಿ ಬನ್ನಿ.

ಅನ್ವರ್ ಪಾಷಾ ಟ್ಯಾಕ್ಸಿ ಬಿಟ್ಟು ಶ್ರೀರಂಗಪಟ್ಟಣದಲ್ಲಿ ಟೈರ್ ಅಂಗಡಿ ಇಟ್ಟ. ರಾಮಣ್ಣ ಶಾಲಾ ವ್ಯಾನ್ ಓಡಿಸಿ ನಿವೃತ್ತನಾದ. ಜವರಾಜುವಿನ ಅಂಬಾಸಿಡರ್ ಗುಜರಿಗೆ ಹೋಗಿ ಬಹಳ ವರ್ಷವಾಯಿತು. ಅದರ ಡಿಕ್ಕಿಯ ಎರಡನೆಯ ಕೀ ಹೊಣಕೆರೆಯ ಮನೆಯಲ್ಲಿ, ಛತ್ರಿ ನೇತುಹಾಕುವ ಗೂಟದಲ್ಲಿದೆ. ಕಳೆದ ಆಯುಧಪೂಜೆಯಲ್ಲೂ ಸುಶೀಲ ತವರಿಗೆ ಹೋಗಿ ಅದನ್ನು ಹರಿವಾಣದಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದ್ದಾಳೆ.